ನಮ್ಮವರ ಅಪ್‌ಗ್ರೇಡು, ದೊಡ್ಡಮ್ಮನ ಮುಷ್ಕರ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನಮ್ಮವರಿಗೆ ಮೈಯೆಲ್ಲ ತುರಿಕೆ. ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೆ ಬಿಚ್ಚಿ ನೋಡಬೇಕು. ನಲ್ಲಿ ಸೋರದೆ ತೆಪ್ಪಗಿದ್ದರೆ, ಯಾಕೆ ಸೋರುತ್ತಿಲ್ಲ ಎಂದು ತಿರುಗಿಸಿ ನೋಡಬೇಕು. ಕೆಟ್ಟು ಕೂತ ವಸ್ತುವಿನ ತಂಟೆಗೆ ಮಾತ್ರ ಹೋಗುವವರಲ್ಲ. ನಮ್ಮ ಮಿಕ್ಸಿ ಎಷ್ಟೋ ಕಾಲದಿಂದ ಕೆಮ್ಮುತ್ತ ಮೂಲೆ ಹಿಡಿದಿದೆ. ಅದರ ಕಡೆ ಕಣ್ಣೆತ್ತಿಯೂ ನೋಡಿಲ್ಲ. "ಅದು ಕೆಟ್ಟಿದೆ ಕಣೇ, ರಿಪೇರಿಯವನೇ ನೋಡ್ಬೇಕು" ಎನ್ನುತ್ತಾರೆ. (ಅಂದರೆ ಸರಿಯಿರುವುದನ್ನು ಮೊದಲು ಇವರು ನೋಡಬೇಕು, ಆಮೇಲೆ ರಿಪೇರಿಯವನು ನೋಡಬೇಕು. ಎಂಥ ಅಚ್ಚುಕಟ್ಟಾದ ಕೆಲಸದ ಹಂಚಿಕೆ!)

ಇವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶಾಲೆ ನಡೆಯುವಾಗ ಈ ತುರಿಕೆಯೆಲ್ಲ ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಇಳಿದುಹೋಗುತ್ತದೆ. ಸೊನ್ನೆ ಕೊಡುವುದರಲ್ಲಿ ಇವರ ಕೈ ಬಲು ಧಾರಾಳ. ಮನೆಯಲ್ಲಿ ಒಂದು ಬಟಾಣಿ ಹೆಚ್ಚು ಬಡಿಸಿದರೆ ಲೆಕ್ಕ ಕೇಳುವ ಮನುಷ್ಯ, ಸೊನ್ನೆಯನ್ನು ಮಾತ್ರ ಬೊಗಸೆ ಬೊಗಸೆಯಾಗಿ ಹಂಚುತ್ತಾರೆ. ತೊಂದರೆ ಶುರುವಾಗುವುದು ರಜೆಯಲ್ಲಿ. ಆಗ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಮನೆಯ ಸಾಮಾನುಗಳಿಗೆ ಕಾಲಿಲ್ಲವಲ್ಲ, ಸಿಕ್ಕಿಬೀಳುತ್ತವೆ.

ಈ ಸಲದ ರಜೆಯಲ್ಲಿ ಸಿಕ್ಕಿಬಿದ್ದದ್ದು ನನ್ನ ಕಂಪ್ಯೂಟರು.

ನಮ್ಮ ಮನೆಯ ಮುಂದಿನ ಕೋಣೆ ನನ್ನ ಕಾರ್ಖಾನೆ. ಅಲ್ಲಿ ಕಿಟಕಿಯ ಪಕ್ಕ ನನ್ನ ಕಸೂತಿ ಯಂತ್ರ ಕೂತಿದೆ. ಹಳೆಯದು, ಭಾರದ್ದು. ಬಾಯಿ ತೆರೆದರೆ ಬೀದಿಯ ಕೊನೆಯವರೆಗೂ ಕೇಳಬೇಕು, ಒಮ್ಮೆ ಕೂತರೆ ಜಪ್ಪಯ್ಯ ಅಂದರೂ ಏಳದು. ಹಾಗಾಗಿ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದೇನೆ. (ನನ್ನ ಸ್ವಂತ ದೊಡ್ಡಮ್ಮನಿಗೆ ಈ ವಿಷಯ ಗೊತ್ತಿಲ್ಲ. ಯಾರೂ ಹೇಳಬೇಡಿ.) ದೊಡ್ಡಮ್ಮನ ಬೆನ್ನಿನಿಂದ ಹೆಬ್ಬೆರಳು ಗಾತ್ರದ ಒಂದು ಕೇಬಲ್ಲು ಹೊರಟು ಪಕ್ಕದ ಮೇಜಿನ ಕಂಪ್ಯೂಟರಿಗೆ ಸೇರುತ್ತದೆ. ಆ ಕಂಪ್ಯೂಟರೂ ಅವಳ ವಾರಿಗೆಯದೇ. ಅದರಲ್ಲಿ ಹೊಲಿಗೆಯ ಪ್ರೋಗ್ರಾಮು ಇದೆ. ಚಿತ್ರವನ್ನು ತೆರೆಯ ಮೇಲೆ ಬಿಡಿಸಿದರೆ ಸಾಕು, ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ಯಾವ ಬಣ್ಣ ಮೊದಲು ಎಂದು ಅದೇ ಯೋಚಿಸಿ ದೊಡ್ಡಮ್ಮನಿಗೆ ಹೇಳುತ್ತದೆ. ದೊಡ್ಡಮ್ಮ ತಕತಕ ಕುಣಿದು ಹೊಲಿಯುತ್ತಾಳೆ. ಶಾಲೆಗಳ ಬ್ಯಾಡ್ಜು, ಹೋಟೆಲಿನವರ ಏಪ್ರನ್ನು, ಆಸ್ಪತ್ರೆಯ ಬಿಳಿ ಕೋಟಿನ ಮೇಲೆ ಡಾಕ್ಟರರ ಹೆಸರು, ಎಲ್ಲ ಇವರಿಬ್ಬರ ಕೃಪೆ. ನಮ್ಮವರ ಮದುವೆ ನನ್ನ ಜೊತೆ ಹೇಗೇ ಇರಲಿ, ಆ ಯಂತ್ರದ ಮತ್ತು ಕಂಪ್ಯೂಟರಿನ ಸಂಸಾರದಲ್ಲಿ ಒಂದು ದಿನವೂ ಜಗಳ ಬಂದದ್ದಿಲ್ಲ.

ಒಂದು ದಿನ ಅಕ್ಕನ ಮನೆಗೆ ಹೋಗಿ ಸಂಜೆ ವಾಪಸು ಬಂದೆ. ಬಾಗಿಲಲ್ಲೇ ನಮ್ಮವರು ನಿಂತಿದ್ದರು. ಮುಖದಲ್ಲಿ ಆ ನಗು ಇತ್ತು. ಅದನ್ನು ನಾನು ಬಲ್ಲೆ. ಹಿಂದೊಮ್ಮೆ ಫ್ರಿಜ್ಜಿನ ಬಾಗಿಲನ್ನು ಎಡಗಡೆಯಿಂದ ತೆರೆಯುವಂತೆ ಮಾಡಲು ಹೋಗಿ, ಯಾವ ಕಡೆಯಿಂದಲೂ ಮುಚ್ಚದಂತೆ ಮಾಡಿದ ದಿನ ಇದ್ದ ನಗು.

"ಕಣ್ಣು ಮುಚ್ಕೊ" ಎಂದರು.

"ಏನು ಮುರಿದ್ರಿ?"

"ಮುಚ್ಕೊ ಅಂದ್ರೆ ಮುಚ್ಕೊಳ್ಳೇ!"

ಕೈ ಹಿಡಿದು ಕೋಣೆಗೆ ಕರೆದೊಯ್ದರು. ಕಣ್ಣು ಬಿಟ್ಟೆ. ನನ್ನ ಕಂಪ್ಯೂಟರಿನ ತೆರೆಯ ಮೇಲೆ ಒಂದು ನೀಲಿ ಸರೋವರ, ಹಿಂದೆ ಹಿಮದ ಬೆಟ್ಟ. ಕೆಳಗೆ ಕಂಡುಕೇಳರಿಯದ ಚಿತ್ರಗಳು ಸಾಲಾಗಿ ಕೂತು ಮಿಣಮಿಣ ಎನ್ನುತ್ತಿದ್ದವು.

"ಅಪ್‌ಗ್ರೇಡ್!" ಎಂದರು, ತಾವೇ ಹೆತ್ತವರ ಹಾಗೆ. "ಹೊಸ ಆವೃತ್ತಿ. ಪುಕ್ಕಟೆ ಬಂತು. ಒಂದು ಗುಂಡಿ ಒತ್ತಿದೆ, ಅಷ್ಟೇ."

"ಯಾರು ಒತ್ತಿ ಅಂದ್ರು?"

"ಅದೇ ಕೇಳ್ತಿತ್ತು ಕಣೇ. ದಿನಾ ಕೇಳ್ತಿತ್ತು. ನೀನು ದಿನಾ 'ಆಮೇಲೆ ನೆನಪಿಸು' ಅಂತ ಒತ್ತಿ ಅಟ್ತಿದ್ದೆ. ಪಾಪ ಅನ್ನಿಸ್ತು."

"ಮಿಕ್ಸಿ ರಿಪೇರಿ ಮಾಡ್ಸಿ ಅಂತ ನಾನೂ ದಿನಾ ಕೇಳ್ತೀನಿ. ನನ್ನ ಮೇಲೆ ಆ ಪಾಪ ಯಾಕೆ ಬರ್ಲಿಲ್ಲ?"

"ಅಸೂಯೆ ಪಡ್ಬೇಡ. ಹಳೇದು ಅಪಾಯ ಅಂತ ಎಲ್ಲಾ ಕಡೆ ಬರೀತಿದಾರೆ. ಕಳ್ಳರು ಒಳಗೆ ನುಗ್ತಾರಂತೆ."

ನನ್ನ ಕಂಪ್ಯೂಟರಿನೊಳಗೆ ನುಗ್ಗಿದ ಕಳ್ಳನಿಗೆ ಸಿಗುವುದು ಮೂರು ಶಾಲೆಗಳ ಬ್ಯಾಡ್ಜು ಮತ್ತು ಒಂದು ಕೋಳಿಯ ಚಿತ್ರ. ಅದನ್ನು ಅವನು ಹೊತ್ತುಕೊಂಡು ಹೋದರೆ ಹೋಗಲಿ, ಹೊಲಿದುಕೊಂಡು ಉದ್ಧಾರವಾಗಲಿ ಎಂದೆ. ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸರೋವರವನ್ನೇ ನೋಡುತ್ತ ನಿಂತರು.

ಮಾರನೆಯ ದಿನ ಬೆಳಿಗ್ಗೆ ಸೈರನ್ ಸಾಹೇಬರು ಬಂದರು. ಇವರು ನಮ್ಮ ಊರಿನ ಅಗ್ನಿಶಾಮಕ ಠಾಣೆಯ ಮುಖ್ಯಸ್ಥರು. ಪಿಸುಮಾತಾಡಿದರೂ ಪಕ್ಕದ ಬೀದಿಯವರು ಬಕೆಟ್ಟು ಹಿಡಿದು ಹೊರಗೆ ಬರುವಂಥ ಗಂಟಲು, ಅದಕ್ಕೇ ಆ ಹೆಸರು. ಠಾಣೆಗೆ ಹೊಸ ಕಟ್ಟಡ ಎದ್ದಿತ್ತು. ಆ ವಾರದ ಕೊನೆಗೆ ಉದ್ಘಾಟನೆ. ಸಿಬ್ಬಂದಿಗೆಲ್ಲ ಹೊಸ ಕೋಟು, ಕೋಟಿನ ಎದೆಗೆ ಹೊಸ ಲಾಂಛನ: ಕೆಂಪು ಜ್ವಾಲೆ, ಅದಕ್ಕೆ ಅಡ್ಡಲಾಗಿ ಏಣಿ, ಕೆಳಗೆ ಅರ್ಧಚಂದ್ರಾಕಾರದಲ್ಲಿ ಹಳದಿ ಅಕ್ಷರಗಳು, 'ನಗರ ಅಗ್ನಿಶಾಮಕ ತುರ್ತು ತಂಡ'.

"ಮೇಡಂ!" ಎಂದು ಸಾಹೇಬರು ಮೊಳಗಿದರು. ಅತ್ತೆಯ ಕೈಯ ಟೀ ಲೋಟ ತುಳುಕಿತು. "ನಮ್ಮ ಮೇಲಧಿಕಾರಿಗಳೇ ಉದ್ಘಾಟನೆಗೆ ಬರ್ತಿದಾರೆ. ಲಾಂಛನ ಕಣ್ಣು ಕುಕ್ಕಬೇಕು. ಆಗುತ್ತಾ, ಇಲ್ಲ ಎದುರುಗಡೆ ಕೇಳ್ಲಾ?"

ಎದುರುಗಡೆ ಎಂದರೆ ಎದುರು ಬೀದಿಯ ಹೊಲಿಗೆ ಅಂಗಡಿ. ಅಲ್ಲಿನ ಒಡತಿ ಬೆರಳಲ್ಲಿ ಮುಟ್ಟಿದರೆ ನಡೆಯುವ ಹೊಸ ಯಂತ್ರ ತಂದು ಗಾಜಿನ ಬಾಗಿಲ ಹಿಂದೆ ಬೊಂಬೆಯಂತೆ ಕೂರಿಸಿದ್ದಾಳೆ. ಈ ಕೆಲಸ ಅವಳ ಕೈಗೆ ಹೋದರೆ ಅದರ ಬಾಲ ಹಿಡಿದು ಆಸ್ಪತ್ರೆಯೂ ಹೋಗುತ್ತದೆ, ಶಾಲೆಗಳೂ ಹೋಗುತ್ತವೆ. ಆಮೇಲೆ ನಾನೂ ದೊಡ್ಡಮ್ಮನೂ ಎದುರುಬದುರು ಕೂತು ನೊಣ ಹೊಡೆಯಬೇಕು.

"ಎದುರುಗಡೆ ಯಾಕೆ? ನಮ್ಮಲ್ಲಿ ಆಗದ್ದು ಅಲ್ಲೇನಾಗುತ್ತೆ?" ಎಂದು ಸಾಹೇಬರನ್ನು ಕಳಿಸಿ ಬಂದು ಕಂಪ್ಯೂಟರಿನ ಮುಂದೆ ಕೂತೆ.

ಹೊಲಿಗೆಯ ಪ್ರೋಗ್ರಾಮನ್ನು ಒತ್ತಿದೆ. ಸರೋವರದ ನಡುವೆ ಒಂದು ಬಿಳಿ ಚೌಕ ಎದ್ದು ನಿಂತಿತು: 'ಈ ಪ್ರೋಗ್ರಾಮ್ ಈ ಆವೃತ್ತಿಯಲ್ಲಿ ನಡೆಯುವುದಿಲ್ಲ. ತಯಾರಕರನ್ನು ಸಂಪರ್ಕಿಸಿ.' ದೊಡ್ಡಮ್ಮನ ಸ್ವಿಚ್ಚು ಹಾಕಿದೆ. ಇನ್ನೊಂದು ಚೌಕ: 'ಅಪರಿಚಿತ ಸಾಧನ.'

ಅಪರಿಚಿತ! ನಮ್ಮ ಅತ್ತೆಗಿಂತ ಹೆಚ್ಚು ಹೊತ್ತು ಆ ಕೋಣೆಯಲ್ಲಿ ಕೂತವಳು ದೊಡ್ಡಮ್ಮ. ನಿನ್ನೆ ಮಧ್ಯಾಹ್ನ ಬಂದ ಸರೋವರ ಅವಳನ್ನು 'ಯಾರು ನೀವು?' ಎಂದು ಕೇಳುತ್ತಿದೆ!

"ರೀ!" ಎಂದು ಕೂಗಿದೆ. ಸೈರನ್ ಸಾಹೇಬರಿಗೂ ಕೇಳಿಸಿರಬೇಕು.

ನಮ್ಮವರು ಬಂದು, ಕನ್ನಡಕ ಏರಿಸಿ, ಎರಡೂ ಚೌಕಗಳನ್ನು ಓದಿದರು. ಕಷ್ಟದ ಲೆಕ್ಕ ಕಂಡಾಗ ಮೇಷ್ಟ್ರುಗಳು ಮಾಡುವಂತೆ, "ಇದು ಸುಲಭ" ಎಂದರು.

"ಏನಂತೆ ಅದಕ್ಕೆ?" ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ.

"ಡ್ರೈವರ್ ಇಲ್ಲ ಅಮ್ಮ."

"ಡ್ರೈವರ್ ಯಾಕೋ? ಅದೇನು ಲಾರಿಯಾ? ಕೂತ ಜಾಗ ಬಿಟ್ಟು ಎಲ್ಲಿಗೆ ಹೋಗ್ಬೇಕು ಅದು?"

"ಹಾಗಲ್ಲಮ್ಮ. ಹಳೇ ಯಂತ್ರದ ಮಾತು ಹೊಸ ಕಂಪ್ಯೂಟರಿಗೆ ತಿಳಿಯಲ್ಲ. ಮಧ್ಯೆ ಒಬ್ಬ ಬೇಕು, ಅವನೇ ಡ್ರೈವರ್."

"ನಮ್ಮನೇಲಿ ಆ ಕೆಲಸ ನಾನೇ ಮಾಡ್ತಿದೀನಲ್ಲ" ಎಂದು ಅತ್ತೆ ಒಳಗೆ ಹೋದರು.

ನಮ್ಮವರು ಡ್ರೈವರ್ ಹುಡುಕಲು ಅಂತರ್ಜಾಲಕ್ಕೆ ಇಳಿದರು. ಇಳಿದವರು ಮೇಲೆ ಬರುವಾಗ ಡ್ರೈವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕರೆದುಕೊಂಡು ಬಂದರು. ಬೋಳುತಲೆಗೆ ಕೂದಲು ಬರಿಸುವವನು ಬಂದ, ವಿಮಾನದ ಟಿಕೆಟ್ಟು ಮಾರುವವಳು ಬಂದಳು, 'ಅಭಿನಂದನೆಗಳು, ನೀವು ಗೆದ್ದಿದ್ದೀರಿ' ಎಂದು ಒಬ್ಬ ಬಂದು ಏನು ಮಾಡಿದರೂ ಹೋಗಲೇ ಇಲ್ಲ. ಕಳ್ಳರಿಗೆ ಹೆದರಿ ಮನೆಗೆ ಹೊಸ ಬಾಗಿಲು ಹಾಕಿಸಿದ ಮನುಷ್ಯ, ಬಾಗಿಲು ತೆಗೆದು ಸಂತೆಯನ್ನೇ ಒಳಕ್ಕೆ ಬಿಟ್ಟುಕೊಂಡಿದ್ದರು.

ತಯಾರಕರನ್ನು ಸಂಪರ್ಕಿಸಿ ಎಂದಿತ್ತಲ್ಲ, ಅದನ್ನೂ ಮಾಡಿದರು. ಬಹಳ ಹೊತ್ತು ಸಂಗೀತ ಕೇಳಿಸಿಕೊಂಡ ಮೇಲೆ ಒಬ್ಬ ಹುಡುಗಿ ಸಿಕ್ಕಿ, ಆ ಪ್ರೋಗ್ರಾಮು ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತೆಂದೂ, ಈಗ ಆ ನಂಬರಿನಲ್ಲಿ ಹಾಸಿಗೆ ಮಾರುತ್ತಾರೆಂದೂ ಹೇಳಿದಳು. ನಮ್ಮವರು ಅವಳ ಹತ್ತಿರ ಹಾಸಿಗೆಯ ವಿಷಯ ವಿಚಾರಿಸುತ್ತ ಕೂತರು! ನಮ್ಮ ಹಾಸಿಗೆ ಸರಿಯಾಗಿದೆ. ಸರಿಯಾಗಿದೆ ಎಂಬುದೇ ಅದರ ತಪ್ಪು.

ಮಧ್ಯಾಹ್ನದ ಹೊತ್ತಿಗೆ ನಮ್ಮವರಿಗೆ ಜ್ಞಾನೋದಯವಾಯಿತು. "ಹೊಂದಾಣಿಕೆ!" ಎಂದು ಕೂಗಿದರು.

"ಯಾರಿಗೆ?"

"ಕಂಪ್ಯೂಟರಿಗೆ! ಅದರಲ್ಲಿ ಹೊಂದಾಣಿಕೆ ಅಂತ ಒಂದು ವ್ಯವಸ್ಥೆ ಇದೆ ಕಣೇ. ಹಳೇ ಪ್ರೋಗ್ರಾಮಿನ ಮುಂದೆ ಹೊಸ ಕಂಪ್ಯೂಟರು 'ನಾನೂ ಹಳಬನೇ' ಅಂತ ನಾಟಕ ಆಡುತ್ತೆ. ಪ್ರೋಗ್ರಾಮು ನಂಬಿಕೊಂಡು ತನ್ನ ಪಾಡಿಗೆ ಕೆಲಸ ಮಾಡುತ್ತೆ."

"ಅಂದ್ರೆ ಒಬ್ಬರು ಸುಳ್ಳು ಹೇಳ್ಬೇಕು, ಇನ್ನೊಬ್ಬರು ನಂಬಿದಂಗೆ ಇರ್ಬೇಕು."

"ಅದೇ!"

"ಇದನ್ನ ಕಂಪ್ಯೂಟರಲ್ಲಿ ಹುಡುಕ್ಬೇಕಿತ್ತಾ ರೀ? ಮದುವೆಯಾದಾಗಿಂದ ಇನ್ನೇನು ಮಾಡ್ತಿದೀವಿ?"

ನಮ್ಮವರು ಆ ಹೊಂದಾಣಿಕೆಯನ್ನೂ ಮಾಡಿ ನೋಡಿದರು. ಪ್ರೋಗ್ರಾಮು ಒಂದು ಕ್ಷಣ ಕಣ್ಣು ಬಿಟ್ಟಿತು, ಸರೋವರವನ್ನು ನೋಡಿತು, ಮತ್ತೆ ಕಣ್ಣು ಮುಚ್ಚಿತು. ಅದಕ್ಕೂ ಮಾನವಿತ್ತು.

ಸಂಜೆ ಫಾರ್ಮ್ಯಾಟ್ ಡಾಕ್ಟರು ಬಂದ. ಇವನು ಪೇಟೆಯ ಕಂಪ್ಯೂಟರ್ ರಿಪೇರಿಯವನು. ಶೀತವೋ ಕೆಮ್ಮೋ ಕೇಳುವುದಿಲ್ಲ, ಯಾವ ರೋಗಕ್ಕೂ ಇವನದು ಒಂದೇ ಔಷಧ: ಒಳಗಿರುವುದನ್ನೆಲ್ಲ ಒರೆಸಿ ಹಾಕುವುದು. ಅವನು ದೊಡ್ಡಮ್ಮನನ್ನು ನೋಡಿ, ಅವಳ ಬೆನ್ನಿನ ಕೇಬಲ್ಲನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಬಾಲದಂತೆ ಎತ್ತಿ ಹಿಡಿದು ನಕ್ಕ.

"ಮೇಡಂ, ಇದು ವಸ್ತುಸಂಗ್ರಹಾಲಯಕ್ಕೆ ಹೋಗ್ಬೇಕಾದ್ದು. ಹಳೇ ಆವೃತ್ತಿಗೆ ವಾಪಸ್ ಹೋಗೋಣ ಅಂದ್ರೆ ಅದನ್ನೂ ಮೇಷ್ಟ್ರು ಅಳಿಸಿಬಿಟ್ಟಿದಾರೆ."

ನಾನು ನಮ್ಮವರ ಕಡೆ ತಿರುಗಿದೆ.

"ಜಾಗ ಉಳಿಸೋಣ ಅಂತ…" ಎಂದರು.

"ಯಾರಿಗೆ ಜಾಗ? ಸರೋವರಕ್ಕಾ?"

ಡಾಕ್ಟರು ಹೊಸ ಕಂಪ್ಯೂಟರು, ಹೊಸ ಪ್ರೋಗ್ರಾಮು, ಹೊಸ ಯಂತ್ರ ಮೂರನ್ನೂ ತರಿಸಬಹುದೆಂದು ಸಲಹೆ ಕೊಟ್ಟ. ಹೊಸ ಗಂಡನನ್ನೂ ಸೇರಿಸಿ ಒಟ್ಟಿಗೆ ತರಿಸುತ್ತೀಯಾ ಎಂದು ಕೇಳಿದೆ. ಅವನು ಪೆಟ್ಟಿಗೆ ಮುಚ್ಚಿಕೊಂಡು ಹೊರಟುಹೋದ.

ಆಗ ನಾನು ಸುಗ್ರೀವಾಜ್ಞೆ ಹೊರಡಿಸಿದೆ. ಒಂದು: ಉದ್ಘಾಟನೆ ಮುಗಿಯುವವರೆಗೆ ನಮ್ಮವರು ಮುಂದಿನ ಕೋಣೆಯ ಹೊಸ್ತಿಲು ದಾಟಕೂಡದು. ಎರಡು: ಕಂಪ್ಯೂಟರು, ದೊಡ್ಡಮ್ಮ, ಲಾಂಛನ ಈ ಮೂರರ ಬಗ್ಗೆ ಬಾಯಿ ಬಿಡಕೂಡದು.

"ಮಾತಾಡ್ಲೂ ಬಾರದಾ?" ಎಂದರು.

"ಊಟಕ್ಕೆ ಕರೆದಾಗ ಊಂ ಅನ್ನಬಹುದು."

ನಾನೇ ಸೊಂಟ ಕಟ್ಟಿ ಕೂತೆ. ಬೀರುವಿನ ತಳದಿಂದ ಹೊಲಿಗೆ ಪ್ರೋಗ್ರಾಮಿನ ಹಳೆಯ ಸಿ.ಡಿ. ಹುಡುಕಿ ತೆಗೆದೆ. ಸೆರಗಿನಲ್ಲಿ ಒರೆಸಿ ಕಂಪ್ಯೂಟರಿನ ಬಾಯಿಗೆ ಹಾಕಿದೆ. ಮತ್ತೆ ಬಿಳಿ ಚೌಕ. ನಮ್ಮವರು ಮಾಡಿದ ಹೊಂದಾಣಿಕೆಯನ್ನೇ ಮಾಡಿದೆ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಅವರು ಒತ್ತಿರಲೇ ಇಲ್ಲ: 'ಯಜಮಾನನಾಗಿ ನಡೆಸು.' (ಒತ್ತದೆ ಇದ್ದದ್ದು ಸಹಜ. ಈ ಮನೆಯಲ್ಲಿ ಯಜಮಾನ ಯಾರು ಎಂಬುದು ಅವರಿಗೂ ಗೊತ್ತು.) ನಾನು ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಇಷ್ಟು ಖಚಿತವಾಗಿ ನಾನು ಜೀವನದಲ್ಲಿ ಯಾವುದಕ್ಕೂ ಹೌದು ಎಂದಿಲ್ಲ.

ಪ್ರೋಗ್ರಾಮು ಎದ್ದು ಕೂತಿತು! ಸಿ.ಡಿ.ಯ ಒಂದು ಮೂಲೆಯಲ್ಲಿ ದೊಡ್ಡಮ್ಮನ ಡ್ರೈವರೂ ಮಲಗಿದ್ದ. 'ಇವನನ್ನು ನಂಬಬಹುದೇ?' ಎಂದು ಹೊಸ ಆವೃತ್ತಿ ಎರಡೆರಡು ಸಲ ಅನುಮಾನ ಪಟ್ಟಿತು. ನಂಬು ಎಂದೆ. ಸ್ವಿಚ್ಚು ಹಾಕಿದೆ. ದೊಡ್ಡಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡು, ಸೂಜಿಯನ್ನು ಮೇಲೆತ್ತಿ, ತಕ್ ಎಂದಳು. ನನಗೆ ಕಣ್ಣೀರೇ ಬಂತು. ಹೊಸ್ತಿಲಾಚೆ ನಿಂತಿದ್ದ ನಮ್ಮವರು, "ನೋಡ್ದ್ಯಾ, ಹೊಂದಾಣಿಕೆ…" ಎಂದು ಶುರುಮಾಡಿದರು. ಸುಗ್ರೀವಾಜ್ಞೆ ನೆನಪಿಸಲು ಬೆರಳೆತ್ತಿದೆ. ಬಾಯಿ ಮುಚ್ಚಿದರು.

ಒಂದೇ ಒಂದು ಸಣ್ಣ ತೊಡಕಿತ್ತು. ನನ್ನ ಹಳೆಯ ಕನ್ನಡ ಅಕ್ಷರಗಳು, ಅಂದರೆ ಫಾಂಟು, ಅಪ್‌ಗ್ರೇಡಿನ ಭರಾಟೆಯಲ್ಲಿ ಕಾಣೆಯಾಗಿದ್ದವು. ಅದಕ್ಕೇನಂತೆ, ಸಿ.ಡಿ.ಯಿಂದ ಮತ್ತೆ ಹಾಕಿಕೊಂಡು, ಲಾಂಛನದ ಸಾಲನ್ನು ಹೊಸದಾಗಿ ಟೈಪು ಮಾಡಿದೆ. ಕೈಕೊಡುವ ಅಕ್ಷರ ಯಾವುವು ಎಂದು ನನಗೆ ಗೊತ್ತಿಲ್ಲವೇ? 'ಗ್ನಿ'ಯ ಒತ್ತು ನೋಡಿದೆ, ಜಾಗದಲ್ಲಿತ್ತು. 'ತುರ್ತು'ವಿನ ಅರ್ಕಾವತ್ತು ನೋಡಿದೆ, ನೆಟ್ಟಗಿತ್ತು. ಹೊಲಿ ಎಂದೆ. ಮೊದಲ ಲಾಂಛನ ಫ್ರೇಮಿನಿಂದ ಹೊರಬಂತು. ಜ್ವಾಲೆ ಮುಟ್ಟಿದರೆ ಸುಡುವಂತಿತ್ತು, ಏಣಿ ಹತ್ತಿದರೆ ತಡೆಯುವಂತಿತ್ತು.

ಹೆಮ್ಮೆಯಿಂದ ಊಟದ ಮೇಜಿನ ಮೇಲೆ ಹಾಸಿ ಅತ್ತೆಗೆ ತೋರಿಸಿದೆ. "ಬಣ್ಣ ಚೆನ್ನಾಗಿದೆ" ಎಂದರು. (ಅತ್ತೆಗೆ ಕನ್ನಡಕವಿಲ್ಲದೆ ಬಣ್ಣ ಬಿಟ್ಟು ಬೇರೇನೂ ಕಾಣದು. ಅದು ಆಗ ನನಗೆ ಹೊಳೆಯಲಿಲ್ಲ.) ನಮ್ಮವರು ಕತ್ತು ಚಾಚಿ ನೋಡಿದರು. ಅವರ ಹುಬ್ಬು ಮೇಲೆ ಹೋಯಿತು.

"ಅಲ್ಲ ಕಣೇ, ಸೊನ್ನೆ…"

"ಏನಂದ್ರಿ?"

"ಸೊನ್ನೆ…"

ನನ್ನ ಮೈ ಉರಿದುಹೋಯಿತು. "ಸೊನ್ನೇನಾ? ನನ್ನ ಕೆಲಸಕ್ಕೆ ಸೊನ್ನೇನಾ? ಒಂದು ಗುಂಡಿ ಒತ್ತಿ ಮನೆ ಹಾಳು ಮಾಡ್ದೋರು ನೀವು, ಕಟ್ಟಿ ನಿಲ್ಲಿಸ್ದೋಳು ನಾನು, ನನಗೆ ಸೊನ್ನೇನಾ? ನಿಮ್ಮ ಶಾಲೆ ಮಕ್ಕಳು ಅಂದ್ಕೊಂಡ್ರಾ?"

"ಹಾಗಲ್ವೇ, ನಾನು ಹೇಳಿದ್ದು…"

"ಸುಗ್ರೀವಾಜ್ಞೆ!"

ನಮ್ಮವರು ತೆಪ್ಪಗಾದರು. ದೊಡ್ಡಮ್ಮ ಹೊಲಿಯುತ್ತ ಹೋದಳು. ಮಾರನೆಯ ದಿನ ಮತ್ತೆ ಹೊಸ್ತಿಲಲ್ಲಿ ನೆರಳು ಬಿತ್ತು. ಬಾಯಿ ಬಿಡುವ ಹಾಗಿಲ್ಲವೆಂದು ಗಾಳಿಯಲ್ಲಿ ಬೆರಳಿನಿಂದ ಸುತ್ತು ತಿರುಗಿಸಿದರು. ಒಮ್ಮೆ ಅಲ್ಲ, ನಾಲ್ಕಾರು ಸಲ.

"ಅತ್ತೇ! ನೋಡಿ ಇಲ್ಲಿ! ನಿಮ್ಮ ಮಗ ನನಗೆ ತಲೆ ಕೆಟ್ಟಿದೆ ಅಂತ ಸನ್ನೆ ಮಾಡ್ತಿದಾರೆ!"

"ಏನೋ ಅದು, ಕೆಲಸ ಮಾಡೋಳ ಮುಂದೆ ಮಂಗಚೇಷ್ಟೆ! ಈ ಕಡೆ ಬಾ!" ಎಂದು ಅತ್ತೆ ಒಳಗಿನಿಂದ ಗದರಿದರು. ನಮ್ಮವರು ನನ್ನನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು, ಕೈ ಕೆಳಗಿಳಿಸಿದರು. "ಸರಿ. ನೀನೇ ಯಜಮಾನಿ. ನನಗೇನು" ಎಂದು ಚಪ್ಪಲಿ ಮೆಟ್ಟಿಕೊಂಡು ವಾಕಿಂಗು ಹೊರಟರು. ಪೀಡೆ ತೊಲಗಿತು ಎಂದುಕೊಂಡೆ.

ನಲವತ್ತು ಲಾಂಛನಗಳೂ ಹೇಳಿದ ದಿನಕ್ಕೆ ಠಾಣೆ ಸೇರಿದವು. ಸೈರನ್ ಸಾಹೇಬರು ಜ್ವಾಲೆಯ ಮೇಲೆ ಬೆರಳಾಡಿಸಿ, "ಭೇಷ್!" ಎಂದು ಮೊಳಗಿದರು. ಸಿಬ್ಬಂದಿಯವರು ಅವನ್ನು ಕೋಟಿಗೆ ಹೊಲಿದುಕೊಂಡರು. ಒಬ್ಬರೂ ಅಕ್ಷರ ಓದಲಿಲ್ಲ. ತಮ್ಮ ಮನೆಯ ಬಾಗಿಲ ಮೇಲಿನ ಹೆಸರನ್ನು ಯಾರು ತಾನೇ ಓದುತ್ತಾರೆ?

ಉದ್ಘಾಟನೆಗೆ ನಮಗೆಲ್ಲ ಆಹ್ವಾನ ಬಂತು, ಮುಂದಿನ ಸಾಲಿನಲ್ಲೇ ಕುರ್ಚಿ. ಹಿಂದಿನ ಸಾಲಿನಲ್ಲಿ ಎದುರು ಬೀದಿಯ ಅಂಗಡಿಯವಳೂ ಇದ್ದಳು. ನಾನು ತಿರುಗಿ, "ಹಳೇ ಯಂತ್ರದಲ್ಲೇ ಮಾಡಿದ್ದು. ಮುಟ್ಟಿದ್ರೆ ನಡೆಯೋದಲ್ಲ, ಮಾಡಿದ್ರೆ ನಡೆಯೋದು" ಎಂದೆ. ಅವಳು ಹುಳ್ಳಗೆ ನಕ್ಕಳು. ನಮ್ಮವರು ನನ್ನ ಪಕ್ಕದಲ್ಲಿ ಕೂತು ಆಕಾಶ ನೋಡುತ್ತಿದ್ದರು. ಮಳೆಯ ಮೋಡವೇನೂ ಇರಲಿಲ್ಲ.

ಕಾರ್ಯಕ್ರಮದ ಪ್ರಕಾರ ಅಗ್ನಿಶಾಮಕ ವಾಹನ ಗಂಟೆ ಬಾರಿಸುತ್ತ ವೀರಾವೇಶದಿಂದ ಮೈದಾನಕ್ಕೆ ನುಗ್ಗಬೇಕು. ಗಂಟೆ ಕೇಳಿಸಿತು. ವಾಹನ ಬರಲಿಲ್ಲ. ಮೇಲಧಿಕಾರಿಗಳು ಕೈಗಡಿಯಾರ ನೋಡಿದರು. ಹಾರ ಹಿಡಿದವರ ಕೈ ಸೋತಿತು. ಕೊನೆಗೆ ಸಿಬ್ಬಂದಿಯೆಲ್ಲ ಸೇರಿ ವಾಹನವನ್ನು ಹಿಂದಿನಿಂದ ತಳ್ಳಿಕೊಂಡು ಬಂದರು. ಒಳಗೆ ಕೂತವನು ಮಾತ್ರ ಶ್ರದ್ಧೆಯಿಂದ ಗಂಟೆ ಬಾರಿಸುತ್ತಿದ್ದ.

ಬೆವರು ಒರೆಸಿಕೊಂಡು ಎಲ್ಲರೂ ಸಾಲಾಗಿ ನಿಂತರು. ಮೇಲಧಿಕಾರಿಗಳು ಒಬ್ಬೊಬ್ಬರ ಕೈ ಕುಲುಕುತ್ತ ಬಂದು, ಮೊದಲನೆಯವನ ಎದೆಯ ಹತ್ತಿರ ಬಗ್ಗಿದರು. ನಾನು ಕುರ್ಚಿಯ ತುದಿಗೆ ಜಾರಿದೆ.

"ಸೊಗಸಾಗಿದೆ" ಎಂದರು. ಮೈಕಿನವನು ಹಿಂದೆಯೇ ಇದ್ದ. "ನಗರ… ಅಗ್ನಿಶಾಮಕ… ತುರ್ತು…" ಇಲ್ಲಿ ನಿಂತರು. ಪಕ್ಕದವನ ಎದೆ ನೋಡಿದರು. ಅದರ ಪಕ್ಕದ್ದೂ ನೋಡಿದರು. "ತುರ್ತು ತಡ?"

ಅವರು ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿ, ತಳ್ಳಿಕೊಂಡು ಬಂದ ವಾಹನದ ಕಡೆ ಒಮ್ಮೆ ನೋಡಿದರು. "ಇಷ್ಟು ಸತ್ಯವಂತ ಇಲಾಖೆಯನ್ನು ನನ್ನ ಸೇವೆಯಲ್ಲಿ ನೋಡಿರಲಿಲ್ಲ" ಎಂದರು.

ಆಮೇಲೆ ಎದ್ದ ನಗುವನ್ನು ವರ್ಣಿಸಲಾರೆ. ಹಿಂದಿನ ಸಾಲಿನಿಂದ ಬಂದ ಒಂದು ನಗು ಮಾತ್ರ ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾನು ನಮ್ಮವರ ಕಡೆ ತಿರುಗಿದೆ. ಆಕಾಶದಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು: "ಸೊನ್ನೆ. 'ತಂಡ'ದ ಸೊನ್ನೆ. ನಿನ್ನ ಹಳೇ ಅಕ್ಷರದಲ್ಲಿ ಸೊನ್ನೆ ಕೂತಿದ್ದ ಜಾಗ ಹೊಸ ಆವೃತ್ತೀಲಿ ಖಾಲಿ. ಮೊದಲನೇದ್ರಲ್ಲೇ ಕಾಣ್ತು. ಬಾಯಲ್ಲಿ ಹೇಳ್ದೆ. ಬೆರಳಲ್ಲೂ ಬರೆದು ತೋರಿಸ್ದೆ."

'ತ'ಕ್ಕೂ 'ಡ'ಕ್ಕೂ ನಡುವೆ ಸಣ್ಣದೊಂದು ಖಾಲಿ ಜಾಗ ಇದ್ದದ್ದನ್ನು ನಾನೂ ಕಂಡಿದ್ದೆ. ಅಂದಕ್ಕೆ ಬಿಟ್ಟ ಜಾಗ ಎಂದುಕೊಂಡಿದ್ದೆ! ಭೂಮಿ ಬಾಯಿ ಬಿಡಲಿಲ್ಲ. ಸೈರನ್ ಸಾಹೇಬರು ಬಿಟ್ಟರು.

"ಮೇ…ಡಂ!"

ನನ್ನ ಕೈಚೀಲದಲ್ಲಿ ಸೂಜಿದಾರ ಯಾವಾಗಲೂ ಇರುತ್ತದೆ. ಹೊಸ ಕಟ್ಟಡದ ವರಾಂಡದಲ್ಲಿ ನನ್ನನ್ನು ಕೂರಿಸಿದರು. "ಕೋಟು ಬಿಚ್ಚಿ!" ಎಂದು ಸಾಹೇಬರು ಅಪ್ಪಣೆ ಮಾಡಿದರು. ಇಡೀ ತುರ್ತು ತಡ ಬನಿಯನ್ನಿನಲ್ಲಿ ಸಾಲು ನಿಂತಿತು. ನಾನು ಒಂದೊಂದು ಕೋಟು ತೊಡೆಯ ಮೇಲೆ ಹಾಕಿಕೊಂಡು, ಕೈಯಲ್ಲಿ, ಸಾಸಿವೆ ಕಾಳಿನಂಥ ಹಳದಿ ಸೊನ್ನೆ ಹೊಲಿಯತೊಡಗಿದೆ. ನಮ್ಮವರು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟರು. ಮಕ್ಕಳ ಪರೀಕ್ಷೆಯಲ್ಲಿ ಮೇಲ್ವಿಚಾರಣೆ ಮಾಡುವ ಮುಖ ಹೊತ್ತು, "ಇದು ಸ್ವಲ್ಪ ಮೊಟ್ಟೆ ಥರ ಆಯ್ತು… ಇದು ಪರವಾಗಿಲ್ಲ… ದುಂಡಗೆ ಬರಲಿ, ಅವಸರ ಬೇಡ" ಎನ್ನುತ್ತಿದ್ದರು. ಎದುರುತ್ತರ ಕೊಡಲು ಬಾಯಲ್ಲಿ ದಾರವಿತ್ತು.

ಅರ್ಧ ಮುಗಿದಿರಬೇಕು, ಠಾಣೆಯ ಗಂಟೆ ಬಡಿಯಿತು. ಎಲ್ಲೋ ಕಸದ ರಾಶಿಗೆ ಬೆಂಕಿ. ಬನಿಯನ್ನುಗಳು ದಿಕ್ಕಾಪಾಲಾಗಿ ಓಡತೊಡಗಿದವು. ಸಾಹೇಬರು ಮೆಟ್ಟಿಲ ಮೇಲೆ ನಿಂತು, ಊರಿಗೆಲ್ಲ ಕೇಳುವಂತೆ ಕೂಗಿದರು: "ಸೊನ್ನೆ ಇರೋರು ಮಾತ್ರ ಹತ್ತಿ!"

ಸೊನ್ನೆ ಇದ್ದವರು ಹತ್ತಿದರು. ಸೊನ್ನೆ ಇಲ್ಲದವರು ಹಿಂದಿನಿಂದ ತಳ್ಳಿದರು. ವಾಹನ ಈ ಸಲ ಹೊರಟಿತು.

ಮೇಲಧಿಕಾರಿಗಳು ಹಣ್ಣಿನ ರಸ ಕುಡಿಯುತ್ತ ಎಲ್ಲ ಮುಗಿಯುವವರೆಗೂ ಕಾದರು. ದೊಡ್ಡ ಮನುಷ್ಯ, ಬೈಯಲಿಲ್ಲ. "ತಂಡ ತಡ ಆಗೋದು ದಿನಾ ನೋಡ್ತೀನಿ. ತಡ ತಂಡ ಆಗೋದು ಇವತ್ತೇ ನೋಡಿದ್ದು" ಎಂದು ಹೇಳಿ ಕಾರು ಹತ್ತಿದರು. ಬೈದಿದ್ದರೇ ವಾಸಿಯಿತ್ತು. ಆ ಮಾತು ಸಂಜೆಯೊಳಗೆ ಊರು ಸುತ್ತಿ, ನಮಗಿಂತ ಮೊದಲು ನಮ್ಮ ಮನೆ ಸೇರಿತ್ತು.

ಕೆಲಸ ಎದುರು ಬೀದಿಗೆ ಹೋಗುತ್ತದೆ ಎಂದು ಹೆದರಿದ್ದೆ. ಹೋಗಲಿಲ್ಲ. ನಡೆದದ್ದು ಅದಕ್ಕಿಂತ ಘೋರ. ಆಸ್ಪತ್ರೆಯವರು ಹೊಸ ಕೋಟುಗಳ ಗಂಟು ಹೊತ್ತು ತಂದರು. ಮೇಜಿನ ಮೇಲಿಟ್ಟರು. ಆಮೇಲೆ ಸಂಕೋಚದಿಂದ, "ಮೇಡಂ, ಸೈರನ್ ಸಾಹೇಬ್ರು ಹೇಳಿದ್ರು… ನಿಮ್ಮ ಕೈ ಒಳ್ಳೇದೇ. ಆದ್ರೆ ಹೊಲಿಯೋಕೆ ಮುಂಚೆ ಒಂದ್ಸಲ ಮೇಷ್ಟ್ರು ಕಣ್ಣಾಡಿಸ್ಲಿ" ಎಂದರು. ಅವರ ಹಿಂದೆ ಬಂದ ಶಾಲೆಯವರೂ ಅದನ್ನೇ ಅಂದರು. ಹೋಟೆಲಿನವನಂತೂ ನನ್ನ ಹತ್ತಿರ ಮಾತೇ ಆಡದೆ, "ಮೇಷ್ಟ್ರು ಇದಾರಾ?" ಎಂದು ಒಳಗೆ ಇಣುಕಿದ.

ಈಗ ಮುಂದಿನ ಕೋಣೆಯಲ್ಲಿ, ದೊಡ್ಡಮ್ಮನಿಗೂ ಕಂಪ್ಯೂಟರಿಗೂ ನಡುವೆ, ಕೈಯಿರುವ ಒಂದು ಕುರ್ಚಿ ಬಂದು ಕೂತಿದೆ. ಅದರಲ್ಲಿ ನಮ್ಮವರು ಬಂದು ಕೂತಿದ್ದಾರೆ. ಶಾಲೆ ಶುರುವಾದ ಮೇಲೂ ಸಂಜೆ ಹೊತ್ತು ಬರುತ್ತಾರಂತೆ. ಗಿರಾಕಿಗಳ ಒತ್ತಾಯ, ಏನು ಮಾಡುವುದು ಎನ್ನುತ್ತಾರೆ. ನಾನು ಮೊದಲ ಮಾದರಿ ಹೊಲಿದು ಅವರ ಮುಂದೆ ಹಿಡಿದು ನಿಲ್ಲಬೇಕು. ಅವರು ಕನ್ನಡಕ ಒರೆಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಅಕ್ಷರ ಅಕ್ಷರವಾಗಿ ಬಾಯಲ್ಲಿ ಓದಿಕೊಳ್ಳುತ್ತಾರೆ, ತಪ್ಪೇನೂ ಸಿಗದಿದ್ದರೆ ಬೇಸರದಿಂದ ಒಂದು ಸಲ ತಿರುಗಿಸಿ ಹಿಂಬದಿಯನ್ನೂ ಓದಲು ನೋಡುತ್ತಾರೆ. ದೊಡ್ಡಮ್ಮ ಸೂಜಿ ಎತ್ತಿಕೊಂಡು ಕಾಯುತ್ತಾಳೆ, ನಾನು ಉಸಿರು ಹಿಡಿದುಕೊಂಡು ಕಾಯುತ್ತೇನೆ.

ನಿನ್ನೆ ಹಾಗೇ ಕಾಯುತ್ತ ನಿಂತಿದ್ದಾಗ ಅತ್ತೆ ಒಳಗಿನಿಂದ ಕೂಗಿದರು: "ಯಾಕಮ್ಮಾ ಸುಮ್ಮನೆ ನಿಂತಿದೀಯಾ? ಅವನು ಕೆಲಸ ಮಾಡ್ತಿದಾನಲ್ಲ, ಒಂದು ಲೋಟ ಟೀ ಆದ್ರೂ ತಂದುಕೊಡ್ಬಾರ್ದಾ?"

ತಂದುಕೊಟ್ಟೆ.